ಮನೆವಾರ್ತೆಯೂ ಅಳಿಸಿ ಬರೆಯುವ ಚೀಟಿಯೂ

ಸಂಸಾರವು ನೆಮ್ಮದಿಯಾಗಿ ನಡೆಯಬೇಕಾದರೆ ಧನ, ಧಾನ್ಯ, ಆರೋಗ್ಯ ಇವು ಬೇಕೆಂಬುದನ್ನು ಎಲ್ಲರೂ ಬಲ್ಲರು. ಇವುಗಳ ಜೊತೆಗೆ ಬೇಕಾದ ಇನ್ನೊಂದು ವಸ್ತುವನ್ನು ಮಾತ್ರ ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮನೆಯ ಬಗೆಗಿನ ತಿಳಿವಳಿಕೆ. ಉಪ್ಪಿಟ್ಟಿನ ರವೆ ಯಾವ ಡಬ್ಬಿಯಲ್ಲಿದೆ, ಚಿರೋಟಿ ರವೆ ಯಾವುದರಲ್ಲಿದೆ. ಹುಳಿಯ ಪುಡಿಯನ್ನು ಯಾವಾಗ ಮಾಡಿಸಿದ್ದು. ಮಗುವಿನ ಕೆಮ್ಮಿನ ಔಷಧದ ಸೀಸೆಯನ್ನು ತೆರೆದು ಎಷ್ಟು ದಿನವಾಯಿತು. ಗ್ಯಾಸಿನ ಸಿಲಿಂಡರನ್ನು ಎಂದು ಬದಲಾಯಿಸಿದ್ದು. ಹಿತ್ತಲಿನ ಬಾಗಿಲ ಬೀಗದ ಕೈ ಗೊಂಚಲಿನಲ್ಲಿ ಎಷ್ಟನೆಯದು? ಇಂಥ ನೂರಾರು ಸಣ್ಣ ಸಂಗತಿಗಳು ಸೇರಿಯೇ ಒಂದು ಮನೆಯ ನಡೆವಳಿಕೆಯಾಗುತ್ತದೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಅಲ್ಪ. ಒಟ್ಟಾಗಿ ನೋಡಿದರೆ ಒಂದು ಸಣ್ಣ ಕಚೇರಿಯ ದಫ್ತರಕ್ಕೆ ಕಡಮೆಯಿಲ್ಲ.

ಈ ದಫ್ತರವನ್ನು ಇಟ್ಟುಕೊಂಡಿರುವವರು ಯಾರು? ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಒಬ್ಬರೇ. ಅವರು ಮನೆಯ ಯಜಮಾನಿ. ಎಲ್ಲವನ್ನೂ ಅವರು ನೆನಪಿನಲ್ಲಿಯೇ ಇಟ್ಟುಕೊಂಡಿರುತ್ತಾರೆ. 2019ರಲ್ಲಿ ಭಾರತ ಸರ್ಕಾರವು ಜನರು ದಿನದ ವೇಳೆಯನ್ನು ಕಳೆಯುವ ಬಗೆಯನ್ನು ಅಳೆಯಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಾರೆಂದು ಆಗ ತಿಳಿದುಬಂದಿತು. ಇದು ಕೈಯಿಂದ ಮಾಡುವ ಕೆಲಸದ ಲೆಕ್ಕ. ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಗಡಿಯಾರವಿಲ್ಲ. ಅದು ನಿದ್ರೆಯ ಹೊರತು ಮಿಕ್ಕ ಹೊತ್ತೆಲ್ಲ ನಡೆಯುತ್ತಲೇ ಇರುತ್ತದೆ. ಆ ಗೃಹಿಣಿಯು ನಾಲ್ಕು ದಿನ ಜ್ವರದಿಂದ ಮಲಗಿದರೆ, ಇಲ್ಲವೆ ತವರಿಗೆ ಹೊರಟರೆ, ಮಿಕ್ಕವರು ಸಕ್ಕರೆಯ ಡಬ್ಬಿಗಾಗಿ ಹತ್ತು ಮುಚ್ಚಳಗಳನ್ನು ತೆರೆಯುತ್ತಾರೆ, ಗಳಿಗೆಗೊಮ್ಮೆ ಟೆಲಿಫೋನು ಮಾಡುತ್ತಾರೆ. ವಿಶ್ರಾಂತಿಗೆಂದು ಮಲಗಿದವರಿಗೆ ಇದರಿಂದ ವಿಶ್ರಾಂತಿಯೂ ಇಲ್ಲ.

ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಈ ಭಾರವನ್ನು ಸ್ವಲ್ಪಮಟ್ಟಿಗಾದರೂ ಹಂಚಿಕೊಳ್ಳಲು ಅನುಕೂಲವಾದ ಒಂದು ಬಡ ಸಾಧನವನ್ನು ಕುರಿತು. ಅದು ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಚೀಟಿ. ಡಬ್ಬಿಗೋ ಸೀಸೆಗೋ ಬಾಗಿಲಿಗೋ ಒಮ್ಮೆ ಅಂಟಿಸಿಬಿಟ್ಟರೆ ಚೀಟಿಯು ಅಲ್ಲಿಯೇ ನಿಲ್ಲುತ್ತದೆ. ಅದರ ಮೇಲಿನ ಬರಹ ಮಾತ್ರ ಬದಲಾಗುತ್ತದೆ.

ಅಳಿಸಿ ಬರೆಯುವುದೆಂದರೆ ಹೊರದೇಶದಿಂದ ಬಂದ ಹೊಸ ಉಪಾಯವೆಂದು ಯಾರೂ ತಿಳಿಯಬಾರದು. ಕನ್ನಡನಾಡಿನಲ್ಲಿ ಇದು ಹಳೆಯ ವಿದ್ಯೆ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿಟ್ಟುಕೊಳ್ಳುತ್ತಿದ್ದರು. ಇದೇ ಕಡತ. ಇದರ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ, ಅಲ್ಲಿಯೇ ಬೇಕಾದುದನ್ನು ಬರೆದುಕೊಳ್ಳುತ್ತಿದ್ದರು. ವರ್ತಕರ ಲೆಕ್ಕವೂ ಶಾನುಭೋಗರ ಲೆಕ್ಕವೂ ಕಡತದಲ್ಲಿರುತ್ತಿದ್ದುವು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬವರು 1810ರಲ್ಲಿ ಅಚ್ಚಾದ ತಮ್ಮ ಇತಿಹಾಸ ಗ್ರಂಥದಲ್ಲಿ ಇದನ್ನು ಸವಿಸ್ತಾರವಾಗಿ ವರ್ಣಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಯ ಸಂಶೋಧಕರಿಗೆ ಆಕರವಾಗಿವೆ. ವಸ್ತುವು ಮರೆಯಾದರೂ ಹೆಸರು ಉಳಿದಿದೆ. ಸರ್ಕಾರಿ ಕಚೇರಿಯ ಫೈಲನ್ನು ನಾವು ಈಗಲೂ ಕಡತವೆಂದೇ ಕರೆಯುತ್ತೇವೆ. ಬಳಪವಾದರೋ ನಮ್ಮ ನೆಲದ ಮೆದುಗಲ್ಲು. ಬೇಲೂರು ಹಳೆಯಬೀಡುಗಳ ಶಿಲ್ಪಿಗಳು ಕಂಡರಿಸಿದ ಕಲ್ಲಿಗೂ ಬಳಪದ ಕಲ್ಲೆಂದೇ ವಾಡಿಕೆಯ ಹೆಸರು.

ಇದಕ್ಕೆ ವಿರುದ್ಧವಾದ ಇನ್ನೊಂದು ಪದ್ಧತಿಯೂ ನಮ್ಮಲ್ಲಿ ಉಂಟು. ಪಾತ್ರೆಯಂಗಡಿಯಲ್ಲಿ ಕೊಂಡ ಪಾತ್ರೆಯ ಮೇಲೆ ಮನೆಯವರ ಹೆಸರನ್ನೂ ತಾರೀಖನ್ನೂ ಕೆತ್ತಿಸುತ್ತೇವಷ್ಟೆ. ಅದು ಎಂದಿಗೂ ಅಳಿಯದ ಚೀಟಿ. ಮದುವೆಮನೆಗೆ ಎರವಲು ಹೋದ ಕೊಳದಪ್ಪಲೆ ಹಿಂದಿರುಗಿ ಬರುವುದು ಆ ಹೆಸರಿನ ಬಲದಿಂದಲೇ. ಆದರೆ ಆ ಬರಹವು ಪಾತ್ರೆ ಯಾರದೆಂಬುದನ್ನು ಹೇಳೀತೇ ಹೊರತು ಒಳಗೆ ಏನಿದೆ, ಎಂದಿನಿಂದ ಇದೆ ಎಂಬುದನ್ನು ಹೇಳಲಾರದು. ಒಡೆತನವು ಸ್ಥಿರ, ಒಳಗಿನ ಪದಾರ್ಥವು ಚರ. ಸ್ಥಿರವಾದುದನ್ನು ಕೆತ್ತಿಸಬೇಕು, ಚರವಾದುದನ್ನು ಅಳಿಸಬಹುದಾದ ಹಾಗೆ ಬರೆಯಬೇಕು. ಈ ವಿವೇಕವಿಲ್ಲದೆ ಕಾಗದದ ಚೀಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತ ಹೋದರೆ ಡಬ್ಬಿಯ ಮೈಯೆಲ್ಲ ಗೋಂದಿನ ಕಲೆಯಾಗುತ್ತದೆ. ಅಂಥ ಕಲೆಗೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರಸಿದರೆ ಬಿಡುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಅಂಟನ್ನು ಬೆನ್ನಿಗೆ ಬಳಿದೇ ಮಾರುವ ಚೀಟಿಯನ್ನು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸ್ಟಾಂಟನ್ ಏವರಿ ಎಂಬವರು ತಯಾರಿಸಿದ್ದು 1935ರಲ್ಲಿ. ಬೇಕೆಂದಾಗ ಕಿತ್ತು ಬೇರೆ ಕಡೆ ಅಂಟಿಸಬಹುದಾದ ಅಂಟನ್ನು ಅದೇ ದೇಶದ ಸ್ಪೆನ್ಸರ್ ಸಿಲ್ವರ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದದ್ದು 1968ರಲ್ಲಿ. ಅದನ್ನು ಬಳಿದ ಹಳದಿಯ ಚೀಟಿಗಳು ಪೇಟೆಗೆ ಬಂದದ್ದು 1980ರಲ್ಲಿ. ಈಗ ದೊರೆಯುವ ಬರೆದು ಅಳಿಸುವ ಚೀಟಿಯು ನುಣುಪಾದ ಪ್ಲಾಸ್ಟಿಕ್ಕಿನ ಹಾಳೆ. ಅದರ ಬೆನ್ನಿನಲ್ಲಿ ಏವರಿಯ ಅಂಟಿನಂಥ ಅಂಟಿದೆ. ಮುಖದಲ್ಲಿ ನಮ್ಮ ಕಡತದ ಗುಣವಿದೆ.

ಬರೆಯುವ ಲೇಖನಿಯ ವಿಷಯವನ್ನು ಸ್ವಲ್ಪ ವಿವರಿಸಬೇಕಾಗಿದೆ. ಇದನ್ನು ತಿಳಿಯದೆ ಚೀಟಿಯೇ ಕೆಟ್ಟದ್ದೆಂದು ಬಿಸಾಡುವವರು ಬಹು ಜನ. ಶಾಲೆಯ ಬಿಳಿಯ ಹಲಗೆಯ ಮೇಲೆ ಬರೆಯುವ ಮಾರ್ಕರಿನ ಶಾಯಿಯಲ್ಲಿ ಬಣ್ಣವೂ ಬೇಗ ಆರುವ ದ್ರಾವಕವೂ ಇರುವುದಲ್ಲದೆ ಎಣ್ಣೆಯಂಥ ಒಂದು ಜಾರುವ ಪದಾರ್ಥವೂ ಇರುತ್ತದೆ. ದ್ರಾವಕವು ಆರಿಹೋದ ಮೇಲೆ ಬಣ್ಣವು ಮೇಲ್ಮೈಗೆ ಕಚ್ಚಿಕೊಳ್ಳದೆ ಆ ಪದರದ ಮೇಲೆ ಕುಳಿತಿರುತ್ತದೆ. ಆದುದರಿಂದಲೇ ಒಣಬಟ್ಟೆಯಿಂದ ಒರಸಿದೊಡನೆ ಹೋಗುತ್ತದೆ. ಅದೇ ಕಾರಣದಿಂದ, ದಿನಕ್ಕೆ ಹತ್ತು ಸಲ ಕೈ ತಾಗುವ ಡಬ್ಬಿಯ ಮೇಲೆ ಅದು ನಿಲ್ಲಲಾರದು. ಅಳಿಸುವುದಿಲ್ಲವೆಂದು ಹೆಸರಾದ ಪರ್ಮನೆಂಟ್ ಮಾರ್ಕರಿನಲ್ಲಿ ಜಾರುವ ಪದಾರ್ಥಕ್ಕೆ ಬದಲಾಗಿ ರಾಳವಿರುತ್ತದೆ. ಅದು ಕಚ್ಚಿ ಹಿಡಿಯುತ್ತದೆ, ನೀರಿಗೆ ಹೋಗುವುದಿಲ್ಲ. ಆದರೆ ಸ್ಪಿರಿಟ್ಟಿನಲ್ಲಿ ರಾಳವು ಕರಗುವುದರಿಂದ ಗಾಜು, ಸ್ಟೀಲು, ನುಣುಪಾದ ಚೀಟಿ ಇವುಗಳ ಮೇಲಿನ ಬರಹವು ಸ್ಪಿರಿಟ್ಟಿಗೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಅಡುಗೆಮನೆಯ ಡಬ್ಬಿಗಳಿಗೆ ಇದೇ ಹೆಚ್ಚು ಅನುಕೂಲ. ಸ್ಪಿರಿಟ್ಟು ಬೇಗ ಹೊತ್ತಿಕೊಳ್ಳುವ ಪದಾರ್ಥವಾದ ಕಾರಣ ಈ ಒರಸುವ ಕೆಲಸವನ್ನು ಉರಿಯುವ ಒಲೆಯ ಬಳಿ ಎಷ್ಟು ಮಾತ್ರಕ್ಕೂ ಮಾಡಕೂಡದು. ಕಪ್ಪು ಚೀಟಿಯ ಮೇಲೆ ಸೀಮೆಸುಣ್ಣದಿಂದ ಬರೆಯುವುದು ನೋಟಕ್ಕೆ ಚೆನ್ನ. ಒದ್ದೆ ಕೈ ತಾಗುವ ಕಡೆಗೆ ಅದು ಸಲ್ಲದು. ಅಯಸ್ಕಾಂತದ ಚೀಟಿಯನ್ನು ಕೊಳ್ಳುವ ಮುಂಚೆ ಮನೆಯ ಡಬ್ಬಿಯನ್ನು ಪರೀಕ್ಷಿಸತಕ್ಕದ್ದು. ಎಲ್ಲ ಬಗೆಯ ಸ್ಟೀಲಿಗೂ ಅಯಸ್ಕಾಂತವು ಹಿಡಿಯುವುದಿಲ್ಲ.

ಇನ್ನು, ಚೀಟಿಯ ಮೇಲೆ ಏನನ್ನು ಬರೆಯಬೇಕು? ಪದಾರ್ಥದ ಹೆಸರನ್ನು ಬರೆದರೆ ಸಾಕೆಂದು ಹಲವರು ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಹೆಸರಿಗಿಂತ ದಿನವೇ ಮುಖ್ಯ. ತೆರೆದು ನೋಡಿದರೆ, ಮೂಸಿದರೆ, ಹೆಸರು ಹೇಗೂ ಗೊತ್ತಾದೀತು. ಎಂದಿನದು ಎಂಬುದು ನೋಟಕ್ಕೆ ಸಿಕ್ಕದು. ದಿನವನ್ನು ಬರೆಯುವುದರಲ್ಲಿಯೂ ಒಂದು ತಾರತಮ್ಯವುಂಟು. ತಂಗಳುಪೆಟ್ಟಿಗೆಯಲ್ಲಿಡುವ ದೋಸೆಯ ಹಿಟ್ಟು, ಮಿಕ್ಕ ಸಾರು, ಪಲ್ಯ ಇವು ವಾರದಾಚೆಗೆ ಇರತಕ್ಕವಲ್ಲ. ಇವಕ್ಕೆ ವಾರದ ಹೆಸರು ಸಾಕು. ‘ಸೋಮವಾರ’ ಎಂದಿದ್ದರೆ ಗುರುವಾರ ಬೆಳಗ್ಗೆ ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಬೇಳೆ, ರವೆ, ಸಾರಿನ ಪುಡಿ ಇವಕ್ಕೆ ತಿಂಗಳನ್ನು ಬರೆದರಾಯಿತು. ಔಷಧಕ್ಕೆ ಮಾತ್ರ ತಾರೀಖು, ತಿಂಗಳು, ವರ್ಷ ಮೂರನ್ನೂ ಬರೆಯತಕ್ಕದ್ದು. ಬರಹವು ಡಬ್ಬಿಯ ಮೈಯ ಮೇಲಿರಬೇಕು, ಮುಚ್ಚಳದ ಮೇಲಿರಬಾರದು. ಒಂದೇ ಅಳತೆಯ ಡಬ್ಬಿಗಳ ಮುಚ್ಚಳಗಳು ತೊಳೆಯುವ ಹೊತ್ತಿನಲ್ಲಿ ಅದಲುಬದಲಾಗದೆ ಇರವು. ಹಳೆಯ ರವೆಯ ಮೇಲೆ ಹೊಸ ರವೆಯನ್ನು ಸುರಿಯುವ ಅಭ್ಯಾಸವಿದ್ದರೆ ಚೀಟಿಯ ದಿನಕ್ಕೆ ಅರ್ಥವೇ ಉಳಿಯುವುದಿಲ್ಲ; ಹಳೆಯದನ್ನು ಖರ್ಚು ಮಾಡಿ, ಡಬ್ಬಿಯನ್ನು ತೊಳೆದು ಒಣಗಿಸಿ, ಆಮೇಲೆ ಹೊಸದನ್ನು ತುಂಬಿ ದಿನವನ್ನು ಬರೆಯಬೇಕು.

ಔಷಧದ ವಿಷಯದಲ್ಲಿ ಚೀಟಿಯು ಅನುಕೂಲಕ್ಕಿಂತ ಹೆಚ್ಚಿನದು. ಅದು ಪ್ರಾಣರಕ್ಷಣೆಯ ಮಾತು. ಪುಡಿಗೆ ನೀರು ಬೆರೆಸಿ ಮಕ್ಕಳಿಗೆ ಕೊಡುವ ಆಂಟಿಬಯಾಟಿಕ್ ಔಷಧವು ಬೆರೆಸಿದ ಮೇಲೆ ಕೆಲವು ದಿನಗಳು ಮಾತ್ರ, ಅನೇಕವು ಒಂದು ಅಥವಾ ಎರಡು ವಾರ ಮಾತ್ರ, ಗುಣ ಉಳಿಸಿಕೊಂಡಿರುತ್ತವೆ. ಕಣ್ಣಿಗೆ ಹಾಕುವ ಹನಿಗಳನ್ನು ಸೀಸೆ ತೆರೆದ ನಾಲ್ಕು ವಾರಗಳಾಚೆಗೆ ಬಳಸಬಾರದೆಂಬುದು ಸಾಮಾನ್ಯ ನಿಯಮ. ಭೇದಿಯಾದವರಿಗೆ ಕೊಡುವ ಓ.ಆರ್.ಎಸ್. ನೀರನ್ನು ಕಲಸಿ 24 ಗಂಟೆಗಳಾದ ಮೇಲೆ ಚೆಲ್ಲಿ ಹೊಸದಾಗಿ ಮಾಡಬೇಕು. ಕಾರ್ಖಾನೆಯವರು ಅಚ್ಚು ಹಾಕಿದ ಅವಧಿಯು ತೆರೆಯದ ಸೀಸೆಗೆ ಸಂಬಂಧಿಸಿದ್ದು. ತೆರೆದ ದಿನವನ್ನು ನಮ್ಮ ಹೊರತು ಬೇರೆ ಯಾರೂ ಬರೆಯಲಾರರು. ಆದುದರಿಂದ ಸೀಸೆಯ ಮುಚ್ಚಳ ತಿರುಗಿಸಿದ ಕೈಯೇ ಆ ಕ್ಷಣದಲ್ಲಿ ತಾರೀಖನ್ನೂ ಬರೆಯಬೇಕು. ಅಂಗಡಿಯವರು ಅಂಟಿಸಿದ ಮೂಲ ಚೀಟಿಯನ್ನು ಮುಚ್ಚದಂತೆ ನಮ್ಮ ಚೀಟಿಯನ್ನು ಮಗ್ಗುಲಲ್ಲಿ ಅಂಟಿಸಬೇಕು. ಮಾತ್ರೆಗಳ ಹಾಳೆಯನ್ನು ಕತ್ತರಿಸುವಾಗ ಅವಧಿಯ ತಾರೀಖು ಅಚ್ಚಾಗಿರುವ ತುದಿಯನ್ನು ಕಡೆಯವರೆಗೆ ಉಳಿಸಿಕೊಳ್ಳಬೇಕು.

ಅಳಿಸುವ ಚೀಟಿಯನ್ನು ಉಪಯೋಗಿಸಲೇಬಾರದ ಸ್ಥಳವೂ ಒಂದುಂಟು. ಫಿನೈಲು, ಆಸಿಡ್ಡು, ಸೀಮೆಎಣ್ಣೆ, ಇಲಿಪಾಷಾಣ, ಗಿಡಗಳಿಗೆ ಹೊಡೆಯುವ ಔಷಧಿ ಇವುಗಳನ್ನು ಪಾನೀಯದ ಖಾಲಿ ಬಾಟಲಿಗಳಲ್ಲಿ ತುಂಬಿಡುವ ಕೆಟ್ಟ ವಾಡಿಕೆಯು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಬಾಯಾರಿದ ಮಗು ನೋಡುವುದು ಬಾಟಲಿಯ ಆಕಾರವನ್ನು. ಅದು ಚೀಟಿಯನ್ನು ಓದುವುದಿಲ್ಲ. ಇಂಥ ಪದಾರ್ಥಗಳು ಅವು ಬಂದ ಪಾತ್ರೆಯಲ್ಲಿಯೇ, ಅಚ್ಚಾದ ಮೂಲ ಬರಹದೊಡನೆಯೇ, ಮಕ್ಕಳ ಕೈಗೆ ನಿಲುಕದ ಎಡೆಯಲ್ಲಿ ಬೀಗದ ಒಳಗಿರಬೇಕು. ಚೀಟಿಯು ಎಚ್ಚರಿಕೆಗೆ ಸಹಾಯ; ಎಚ್ಚರಿಕೆಗೆ ಬದಲಿಯಲ್ಲ.

ಡಬ್ಬಿ ಸೀಸೆಗಳನ್ನು ಬಿಟ್ಟು ಮನೆಯ ಜನರ ಕಡೆಗೆ ತಿರುಗೋಣ. ಹಿಂದೆ ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಗೀಟೆಳೆದು ಇಡುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ಆ ಗೋಡೆಯ ಸ್ಥಾನದಲ್ಲಿ ನಡುಮನೆಯಲ್ಲಿ ಒಂದು ಸಣ್ಣ ಬಿಳಿಯ ಹಲಗೆಯನ್ನು ತೂಗುಹಾಕಿ, ಅಲ್ಲಿ ಆ ವಾರದ ಕೆಲಸಗಳನ್ನು ಹೆಸರಿನೊಡನೆ ಬರೆಯಬಹುದು: ಗಿಡಗಳಿಗೆ ನೀರು ಯಾರದು, ಅಜ್ಜಿಯ ರಕ್ತದೊತ್ತಡದ ಮಾತ್ರೆ ತರುವುದು ಯಾರದು, ಸಿಲಿಂಡರು ಬದಲಾಯಿಸಿದ್ದು ಎಂದು. ಓದು ಬಾರದ ಮಗುವಿಗೆ ಆಟದ ಸಾಮಾನಿನ ಪೆಟ್ಟಿಗೆಯ ಮೇಲೆ ಚೆಂಡಿನ ಚಿತ್ರವನ್ನೂ ಬಳಪದ ಚಿತ್ರವನ್ನೂ ಬರೆದರೆ ಎತ್ತಿಡುವುದನ್ನು ತಾನೇ ಕಲಿಯುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಓದು ಬಾರದಿದ್ದರೆ ಬಣ್ಣದ ಗುರುತು ಸಾಕು. ಬೀಗದ ಕೈಗಳಿಗೆ ಅಂಕಿಯನ್ನು ಮಾತ್ರ ಬರೆಯಬೇಕು. ಮನೆಯ ವಿಳಾಸವನ್ನು ಬರೆದರೆ ಕಳ್ಳನಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ.

ಮರೆವು ಆವರಿಸುತ್ತಿರುವ ಹಿರಿಯರಿರುವ ಮನೆಯಲ್ಲಿ ಚೀಟಿಯ ಉಪಕಾರವು ಇನ್ನೂ ದೊಡ್ಡದು. ಬಚ್ಚಲಿನ ಬಾಗಿಲ ಮೇಲೆ ‘ಬಚ್ಚಲು’ ಎಂದೂ, ಬೀರುವಿನ ಮೇಲೆ ‘ಪಂಚೆ, ಟವೆಲು’ ಎಂದೂ ದಪ್ಪ ಅಕ್ಷರದಲ್ಲಿ, ಅವರು ಬಾಲ್ಯದಿಂದ ಓದಿದ ಭಾಷೆಯಲ್ಲಿ ಬರೆದಿಟ್ಟರೆ, ಅವರು ಮತ್ತೆ ಮತ್ತೆ ಯಾರನ್ನೋ ಕೇಳಿ ನಾಚಬೇಕಾಗುವುದಿಲ್ಲ. ‘ಮಗಳು ಸಂಜೆ 6 ಗಂಟೆಗೆ ಬರುತ್ತಾಳೆ’ ಎಂಬ ಒಂದು ಸಾಲು ಎದುರಿಗಿದ್ದರೆ ಮಧ್ಯಾಹ್ನದ ಆತಂಕವು ಎಷ್ಟೋ ಇಳಿಯುತ್ತದೆ. ಇಲ್ಲಿ ಚೀಟಿಯು ಉಳಿಸಿಕೊಡುವುದು ಮನುಷ್ಯನ ಮರ್ಯಾದೆಯನ್ನು. ಆದರೆ ಮಗಳು ಬಂದ ಮೇಲೆಯೂ, ಮರುದಿನವೂ, ಅದೇ ಸಾಲು ಅಲ್ಲಿಯೇ ನಿಂತಿದ್ದರೆ ಆ ಹಿರಿಯರು ಏನು ತಿಳಿಯಬೇಕು? ಬಾರದ ಮಗಳಿಗಾಗಿ ಬಾಗಿಲಲ್ಲಿ ಕಾಯಬೇಕಾದೀತು.

ಇದರಿಂದಲೇ ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತಿಗೆ ಬಂದೆವು. ಈ ಚೀಟಿಯಲ್ಲಿ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚಿನ ಕರ್ತವ್ಯ. ಚೀಟಿ ಇಲ್ಲದ ಡಬ್ಬಿಯನ್ನು ಜನರು ತೆರೆದು ನೋಡುತ್ತಾರೆ. ಚೀಟಿ ಇರುವುದನ್ನು ನಂಬುತ್ತಾರೆ. ನಂಬಿಕೆ ಹುಟ್ಟಿಸಿದ ಮೇಲೆ ಸುಳ್ಳು ಹೇಳುವ ಚೀಟಿಯು ಚೀಟಿಯಿಲ್ಲದಿರುವುದಕ್ಕಿಂತ ಕೇಡು. ‘ಸಕ್ಕರೆ’ ಎಂದು ಬರೆದಿರುವ ಡಬ್ಬಿಯಲ್ಲಿ ಉಪ್ಪು ಇರುವುದು ಒಂದು ಹಾಸ್ಯವಾದೀತು. ಕಳೆದ ತಿಂಗಳ ತಾರೀಖನ್ನು ಹೊತ್ತ ಔಷಧದ ಸೀಸೆ ಹಾಸ್ಯವಲ್ಲ. ಕಾಗದದ ಚೀಟಿಯನ್ನು ಬದಲಾಯಿಸುವುದಕ್ಕೆ ಸೋಮಾರಿತನ ಅಡ್ಡಬರುವುದು ಸಹಜ. ಕೈಯ ಒಂದು ಒರಸಿನಿಂದ ತಿದ್ದಬಹುದಾದ ಚೀಟಿಗೆ ಆ ನೆಪವಿಲ್ಲ. ಆದುದರಿಂದ ಮನೆಗೆಲ್ಲ ಒಂದೇ ಕಟ್ಟಳೆ ಸಾಕು: ತೆರೆದವರು ಬರೆಯಬೇಕು, ಮುಗಿಸಿದವರು ಅಳಿಸಬೇಕು. ಈ ಕಟ್ಟಳೆಯು ಗಂಡಸು, ಹೆಂಗಸು, ಬರೆಯಬಲ್ಲ ಮಗು ಎಲ್ಲರಿಗೂ ಸಮ. ಇದನ್ನೂ ಗೃಹಿಣಿಯ ತಲೆಗೇ ಕಟ್ಟಿದರೆ, ಅವಳ ಕೆಲಸಗಳ ಪಟ್ಟಿಗೆ ಇನ್ನೊಂದು ಕೆಲಸ ಸೇರಿತೇ ಹೊರತು ಭಾರವೇನೂ ಕಡಮೆಯಾಗಲಿಲ್ಲ. ಲೇಖನಿಯನ್ನು ದಾರದಿಂದ ಕಟ್ಟಿ ಡಬ್ಬಿಗಳ ಬಳಿಯಲ್ಲಿಯೇ ತೂಗುಹಾಕಬೇಕು. ಹುಡುಕಬೇಕಾದ ಲೇಖನಿಯಿಂದ ಯಾರೂ ಬರೆಯುವುದಿಲ್ಲ.

ಮನೆಯೆಂಬುದು ಪ್ರೀತಿಯಿಂದ ನಡೆಯತಕ್ಕದ್ದು, ಅದನ್ನು ಔಷಧದಂಗಡಿಯ ಬೀರುವಿನಂತೆ ಮಾಡಬಾರದು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಕಂಡುದಕ್ಕೆಲ್ಲ ಚೀಟಿ ಅಂಟಿಸುವುದು ಒಂದು ಚಟವಾದೀತು. ಗಾಜಿನ ಸೀಸೆಯಲ್ಲಿ ಎದ್ದು ಕಾಣುವ ಮೆಣಸಿನಕಾಯಿಗೆ ‘ಮೆಣಸಿನಕಾಯಿ’ ಎಂದು ಬರೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗೆಯೇ ಹಲಗೆಯು ಆಜ್ಞಾಪತ್ರವಾಗಬಾರದು. ‘ಇದನ್ನು ಮುಟ್ಟಕೂಡದು’, ‘ಇನ್ನೂ ಏಕೆ ಮಾಡಿಲ್ಲ’ ಎಂಬ ಬರಹಗಳು ಬಾಯಿಮಾತಿಗಿಂತ ಹೆಚ್ಚು ನೋಯಿಸುತ್ತವೆ. ಬಾಯಿಮಾತು ಆಡಿದ ಗಳಿಗೆಗೆ ಮುಗಿಯುತ್ತದೆ, ಬರೆದದ್ದು ದಿನವೆಲ್ಲ ಎದುರಿಗೆ ನಿಂತಿರುತ್ತದೆ. ಚೀಟಿಯಲ್ಲಿ ಸಂಗತಿಯಿರಲಿ, ಸಿಡುಕು ಬೇಡ. ಆದರೆ ಪ್ರೀತಿಯಿದ್ದ ಮಾತ್ರಕ್ಕೆ ಸೀಸೆಯ ತಾರೀಖು ತಿಳಿಯುವುದಿಲ್ಲ. ಒಬ್ಬರ ನೆನಪಿನ ಮೇಲೆಯೇ ಮನೆಯ ಎಲ್ಲ ಭಾರವನ್ನೂ ಹೊರಿಸಿ, ಅದನ್ನೇ ಪ್ರೀತಿಯೆಂದು ಕರೆಯುವುದು ನ್ಯಾಯವೂ ಅಲ್ಲ.

ಪ್ರಾರಂಭಕ್ಕೆ ದೊಡ್ಡ ಸನ್ನಾಹ ಬೇಡ. ಹತ್ತು ಚೀಟಿಗಳು, ಒಂದು ಲೇಖನಿ, ಒಂದು ತುಂಡು ಬಟ್ಟೆ, ಇಷ್ಟಿದ್ದರೆ ಸಾಕು. ಮೊದಲ ವಾರ ಔಷಧದ ಸೀಸೆಗಳಿಗೂ ತಂಗಳುಪೆಟ್ಟಿಗೆಯ ಪಾತ್ರೆಗಳಿಗೂ ಮಾತ್ರ ಅಂಟಿಸಿ ನೋಡಬಹುದು. ಒಂದು ತಿಂಗಳಾದ ಮೇಲೆ, ಮನೆಯ ಯಜಮಾನಿಯನ್ನು ಒಂದು ದಿನ ಎಲ್ಲಿಗಾದರೂ ಕಳುಹಿಸಿ, ಅವರಿಗೆ ಒಂದು ಸಲವೂ ಟೆಲಿಫೋನು ಮಾಡದೆ ಮಿಕ್ಕವರು ಮೂರು ಹೊತ್ತಿನ ಅಡುಗೆಯನ್ನೂ ಅಜ್ಜಿಯ ಔಷಧವನ್ನೂ ನಡೆಸಬಲ್ಲರೇ ಎಂದು ಪರೀಕ್ಷಿಸಿಕೊಳ್ಳಲಿ. ನಡೆಸಬಲ್ಲರಾದರೆ ಚೀಟಿಗಳು ತಮ್ಮ ಕೆಲಸವನ್ನು ಮಾಡಿವೆ. ಆಗದಿದ್ದರೆ, ಎಲ್ಲಿ ತಡವರಿಸಿದರೋ ಅಲ್ಲಿಗೆ ಇನ್ನೊಂದು ಚೀಟಿಯನ್ನು ಅಂಟಿಸಲಿ.